ಶಬ್ರೀನ್ ಮತ್ತು ಹಿಂದುಮುಂದಾದ ಅಂಕಿಗಳು

ಮಂಡ್ಯದಲ್ಲಿ ಹಾಲು ಪರೀಕ್ಷಿಸುವ ಯಂತ್ರ ತಯಾರಿಸುವ ಒಂದು ಚಿಕ್ಕ ಕಂಪನಿಯಲ್ಲಿ ನಾನು ಕೆಲವು ವರ್ಷ ಇದ್ದೆ. ಯಂತ್ರದ ಜೊತೆ ಕೊಡುವ ಕನ್ನಡ ಕೈಪಿಡಿ ಬರೆಯುವುದು ನನ್ನ ಕೆಲಸ. ಯಾವ ಗುಂಡಿ ಒತ್ತಬೇಕು, ಕೊಳವೆಯನ್ನು ಯಾವಾಗ ಬಿಸಿನೀರಿನಿಂದ ತೊಳೆಯಬೇಕು, ಇಂಥವು. ಅಲ್ಲಿ ಶಬ್ರೀನ್ ಎಂಬುವರು ನನ್ನ ಎದುರಿನ ಮೇಜಿನಲ್ಲಿ ಕೂರುತ್ತಿದ್ದರು. ಅವರ ಕೆಲಸ ಏನೆಂದು ಅರ್ಥ ಮಾಡಿಕೊಳ್ಳುವುದಕ್ಕೇ ನನಗೆ ಬಹಳ ದಿನ ಹಿಡಿಯಿತು. ಅರ್ಥವಾದ ಮೇಲೆ, ಆ ಕೆಲಸದಿಂದ ಒಂದು ಹಳ್ಳಿಯ ಹೆಂಗಸಿನ ಮರ್ಯಾದೆ ಹೋಗಿ ಮತ್ತೆ ಬಂದದ್ದನ್ನೂ ಕಂಡೆ. ಅದನ್ನೇ ಹೇಳುತ್ತಿದ್ದೇನೆ.

ಶಬ್ರೀನ್ ಮದ್ದೂರಿನವರು. ತಂದೆ ಅಕ್ರಂ ಪಾಷಾ ಪೇಟೆಯ ಒಂದು ಗಲ್ಲಿಯಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಅಂಗಡಿ ಇಟ್ಟಿದ್ದರು. ತಾಯಿ ಸುಲ್ತಾನ್ ಬೀ ಅವರಿಗೆ ಮಗಳು ಓದಬೇಕೆಂಬ ಹಟ. ಡಿಪ್ಲೊಮಾ ಮುಗಿಸಿ ಶಬ್ರೀನ್ ಮಂಡ್ಯಕ್ಕೆ ಎಂಜಿನಿಯರಿಂಗ್ ಓದಲು ದಿನಾ ಪ್ಯಾಸೆಂಜರ್ ರೈಲಿನಲ್ಲಿ ಹೋಗಿಬರುತ್ತಿದ್ದರು. ಆಗಿನ್ನೂ ಜೋಡಿ ಹಳಿ ಆಗಿರಲಿಲ್ಲ. ಎದುರು ಬರುವ ಗಾಡಿಗೆ ದಾರಿ ಬಿಡಲು ರೈಲು ಹನಕೆರೆಯಲ್ಲಿ ನಿಂತರೆ ನಿಂತೇ ಇರುತ್ತಿತ್ತು. ಉಳಿದ ಹುಡುಗಿಯರು ಹರಟುವಾಗ ಇವರು ತೊಡೆಯ ಮೇಲೆ ಹಾಳೆಗಳ ಕಟ್ಟು ಇಟ್ಟುಕೊಂಡು ಓದುತ್ತಿದ್ದರಂತೆ. ಅದು ಕರ್ನಲ್ ಪ್ರೋಗ್ರಾಮಿನ ಪ್ರತಿ.

ಕರ್ನಲ್ ಎಂದರೆ ಕಂಪ್ಯೂಟರಿನ ತಳದಲ್ಲಿರುವ ಪ್ರೋಗ್ರಾಂ. ನಮಗೆ ಕಾಣುವ ಎಲ್ಲ ಕೆಲಸಗಳ ಕೆಳಗೆ ಕೂತು ಯಾರಿಗೆ ಎಷ್ಟು ಜಾಗ, ಯಾರಿಗೆ ಯಾವಾಗ ಸರದಿ, ಯಾವ ಉಪಕರಣದ ಜೊತೆ ಹೇಗೆ ಮಾತಾಡಬೇಕು ಎಂಬುದನ್ನೆಲ್ಲ ಅದು ನೋಡಿಕೊಳ್ಳುತ್ತದೆ. ಕೆಲವು ಕರ್ನಲ್‌ಗಳನ್ನು ಯಾರು ಬೇಕಾದರೂ ಓದಬಹುದು, ತಪ್ಪಿದ್ದರೆ ತಿದ್ದಿ ಕಳಿಸಬಹುದು. ಕಾಲೇಜಿನ ಲ್ಯಾಬಿನಲ್ಲಿ ಒಂದು ಕಂಪ್ಯೂಟರ್ ಪದೇ ಪದೇ ಕಲ್ಲಿನಂತೆ ನಿಂತುಬಿಡುತ್ತಿತ್ತು. ಅದು ಯಾಕೆ ನಿಲ್ಲುತ್ತದೆ ಎಂದು ಹುಡುಕಲು ಹೋಗಿ ಶಬ್ರೀನ್ ಈ ಓದಿಗೆ ಬಿದ್ದದ್ದು. ಅದು ನಿಲ್ಲುವುದಕ್ಕೆ ಕಾರಣ ಕೊನೆಗೂ ಸಿಗಲಿಲ್ಲ ಎಂದು ನಗುತ್ತಿದ್ದರು. ಓದು ಮಾತ್ರ ಉಳಿಯಿತು.

ಮದುವೆಯಾದದ್ದು ಜಕೀವುಲ್ಲಾ ಅವರನ್ನು. ನಿಡಘಟ್ಟದಲ್ಲಿ ಹೆದ್ದಾರಿ ಪಕ್ಕ ಅವರದು ಟೈರ್ ಅಂಗಡಿ. ಹೊಸ ರಸ್ತೆಯಾಗಿ ವಾಹನಗಳು ಬೇರೆ ಕಡೆ ಹರಿಯತೊಡಗಿದಾಗ ಅಂಗಡಿಯನ್ನು ಮದ್ದೂರಿನ ಒಳಕ್ಕೆ ತಂದರು. ಮಿತಭಾಷಿ. ಹೆಂಡತಿಯ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ ‘ಮೆಷಿನ್ ಒಳಗಡೆದು ನೋಡ್ತಾರೆ’ ಎಂದಷ್ಟೇ ಹೇಳುತ್ತಿದ್ದರು.

ನಮ್ಮ ಕಂಪನಿಯ ಮಾಲೀಕರು ಮಹದೇವಯ್ಯ. ಹಳ್ಳಿಗಳ ಡೈರಿಗಳಿಗೆ, ಅಂದರೆ ಬೆಳಿಗ್ಗೆ ಸಂಜೆ ಜನ ಹಾಲು ತಂದು ಹಾಕುವ ಸೊಸೈಟಿಗಳಿಗೆ, ಯಂತ್ರ ಮಾರುತ್ತಿದ್ದರು. ಒಂದು ಬಟ್ಟಲು ಹಾಲು ಇಟ್ಟರೆ ಯಂತ್ರ ಅದನ್ನು ಹೀರಿ, ಜಿಡ್ಡು ಎಷ್ಟು, ನೀರು ಬೆರೆತಿದೆಯೇ ಎಂದು ಅಂಕಿ ತೋರಿಸುತ್ತದೆ. ಅಂಕಿ ಎದುರಿನ ಬೋರ್ಡಿನಲ್ಲಿ ಕೆಂಪಗೆ ಮೂಡುತ್ತದೆ, ಚೀಟಿಯಲ್ಲಿ ಅಚ್ಚಾಗುತ್ತದೆ, ಹಾಲು ಹಾಕಿದವರ ಫೋನಿಗೂ ಹೋಗುತ್ತದೆ. ಕೊರೋನಾ ಮುಗಿದ ಮರುವರ್ಷ ಮಹದೇವಯ್ಯ ಯಂತ್ರದ ಹೊಸ ಮಾದರಿ ತಂದರು. ಹಳೆಯದರಲ್ಲಿ ಇದ್ದದ್ದು ಒಂದೇ ಕೋರ್‌ನ, ಅಂದರೆ ಲೆಕ್ಕ ಮಾಡುವ ಒಂದೇ ಘಟಕದ, ಕಂಪ್ಯೂಟರ್ ಚಿಪ್ಪು. ಹೊಸದರಲ್ಲಿ ನಾಲ್ಕು ಕೋರ್. ಒಂದೇ ಹೊತ್ತಿಗೆ ನಾಲ್ಕು ಕೆಲಸ ನಡೆಯುತ್ತದೆ, ಕ್ಯೂ ಬೇಗ ಕರಗುತ್ತದೆ ಎಂದು ನಾನೇ ಕೈಪಿಡಿಯಲ್ಲಿ ಬರೆದೆ. ಒಳಗಿನ ಪ್ರೋಗ್ರಾಂ ಹಳೆಯದರದ್ದೇ. ಸ್ವಲ್ಪ ತಿದ್ದಿ ಹಾಕಿದ್ದರು.

ಮಳವಳ್ಳಿ ತಾಲ್ಲೂಕಿನಲ್ಲಿ, ಬಂಡೂರಿನ ಆಚೆಗೊಂದು ಸಣ್ಣ ಹಳ್ಳಿ. ಹೆಸರು ಬೇಡ. ಅಲ್ಲಿನ ಡೈರಿಗೂ ಹೊಸ ಯಂತ್ರ ಹೋಯಿತು. ಆ ಊರಿನಲ್ಲಿ ಮಂಗಳಮ್ಮ ಮತ್ತು ಚಿಕ್ಕಬೋರಮ್ಮ ಅಕ್ಕಪಕ್ಕದ ಮನೆಯವರು. ಮಂಗಳಮ್ಮನದು ನಾಟಿ ಹಸು, ಹಾಲು ಕಮ್ಮಿ, ಆದರೆ ಗಟ್ಟಿ. ಚಿಕ್ಕಬೋರಮ್ಮನದು ಸೀಮೆ ಹಸು, ಕ್ಯಾನು ತುಂಬ ಹಾಲು, ಆದರೆ ತೆಳು. ಇಬ್ಬರೂ ಹಾಲು ಹಿಡಿದು ಜೊತೆಯಲ್ಲೇ ಡೈರಿಗೆ ಹೋಗುತ್ತಿದ್ದರು. ಹಾಲಿನ ವ್ಯಾನ್ ಬರುವ ಸಮಯ, ಕ್ಯೂ ದಟ್ಟವಾಗಿರುವ ಹೊತ್ತು.

ಹೊಸ ಯಂತ್ರ ಬಂದ ಮೇಲೆ ಮಂಗಳಮ್ಮನ ಹಾಲು ಒಮ್ಮೊಮ್ಮೆ ತೆಳುವೆಂದು ಬರತೊಡಗಿತು. ಮೊದಲ ಸಲ ಕಾರ್ಯದರ್ಶಿ ನಾಗರಾಜು ಏನೂ ಅನ್ನಲಿಲ್ಲ. ಮತ್ತೆ ಬಂತು. ಬೋರ್ಡಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಕಿ ಮೂಡುತ್ತಿದ್ದುದರಿಂದ ಹಿಂದೆ ನಿಂತವರು ಗುಸುಗುಸು ಅಂದರು. ಮೂರನೇ ಸಲಕ್ಕೆ ಬೋರಯ್ಯ ಎಂಬ ಹಿರಿಯರು ಕ್ಯೂನಲ್ಲೇ ಗಟ್ಟಿಯಾಗಿ, ನಾಟಿ ಹಸು ಮಳೆಗಾಲಕ್ಕೆ ನೀರು ಕರೆಯುತ್ತದೇನೋ ಅಂದರು. ಜನ ನಕ್ಕರು. ಕೆಲವು ದಿನ ಬಿಟ್ಟು ಇನ್ನೊಂದು ಆಯಿತು. ಅಂದು ಮಂಗಳಮ್ಮ ಮುಂದೆ, ಚಿಕ್ಕಬೋರಮ್ಮ ಹಿಂದೆ. ಚಿಕ್ಕಬೋರಮ್ಮನ ಸೀಮೆ ಹಸುವಿನ ಹಾಲಿಗೆ ಎಂದೂ ಇಲ್ಲದಷ್ಟು ಜಿಡ್ಡು ಬಂತು. ದಾರಿಯಲ್ಲಿ ತನ್ನ ಹಾಲನ್ನು ಇವಳು ಏನೋ ಮಾಡುತ್ತಿದ್ದಾಳೆ ಎಂದು ಮಂಗಳಮ್ಮನಿಗೆ ಅನುಮಾನ ಬಂದು ಕೇಳಿಯೇಬಿಟ್ಟರು. ಅಲ್ಲಿಗೆ ಎಷ್ಟೋ ವರ್ಷದ ಮಾತು ನಿಂತಿತು. ಮರುವಾರ ನಾಗರಾಜು, ನಿಯಮದ ಪ್ರಕಾರ ಎಂದು, ಮಂಗಳಮ್ಮನ ಹಾಲನ್ನು ವಾಪಸ್ಸು ಕಳಿಸಿದ. ಆಕೆ ಕ್ಯಾನನ್ನು ಅಲ್ಲೇ ಚರಂಡಿಗೆ ಬಗ್ಗಿಸಿ ಮನೆಗೆ ನಡೆದರು. ಅಂದಿನಿಂದ ಡೈರಿಗೆ ಬರಲಿಲ್ಲ.

ದೂರು ನಮಗೆ ಬಂದದ್ದು ನಾಗರಾಜುವಿನಿಂದಲೇ. ಮಂಗಳಮ್ಮ ಬಿಟ್ಟ ಮೇಲೂ ಆಗಾಗ ಯಾರದೋ ಒಬ್ಬರ ಅಂಕಿ ವಿಚಿತ್ರವಾಗಿ ಬರುತ್ತಿತ್ತು. ಅವನಿಗೆ ಒಳಗೊಳಗೇ ಕಸಿವಿಸಿ ಶುರುವಾಗಿತ್ತು. ನಮ್ಮ ಸರ್ವಿಸ್‌ನವರು ಹೋಗಿ ಹಾಲನ್ನು ಅಳೆಯುವ ಸೆನ್ಸರ್ ಬದಲಿಸಿದರು. ಉಪಯೋಗವಾಗಲಿಲ್ಲ. ಯಂತ್ರವನ್ನು ಆಫೀಸಿಗೆ ತಂದು ದಿನವಿಡೀ ಹಾಲು ಇಟ್ಟು ನೋಡಿದರೆ ಒಂದೂ ತಪ್ಪಿಲ್ಲ. ಯಂತ್ರ ಹಳ್ಳಿಗೆ ವಾಪಸ್ಸು ಹೋದಾಗ ಶಬ್ರೀನ್ ತಾವೇ ಅಲ್ಲಿಗೆ ಹೋಗಿ ನೋಡಿಬರುವುದಾಗಿ ಹೇಳಿದರು. ಮಳವಳ್ಳಿಯಲ್ಲಿ ಅವರ ಚಿಕ್ಕಮ್ಮ ಜಾಕಿಯಾ ಇದ್ದರು. ಅವರ ಮನೆಯಲ್ಲಿ ಉಳಿದುಕೊಂಡು ಬೆಳಿಗ್ಗೆ ಬೆಳಿಗ್ಗೆ ಹಳ್ಳಿಗೆ ಹೋಗಿ ಡೈರಿಯ ಬಾಗಿಲ ಪಕ್ಕ ಕೂತರು.

ಎರಡು ಮೂರು ದಿನ ಸುಮ್ಮನೆ ಕೂತು ನೋಡಿದರು. ಹಾಲು ತಂದವರನ್ನೆಲ್ಲ ಮಾತಾಡಿಸಿ ಮಂಗಳಮ್ಮನ ವಿಷಯವನ್ನೂ ತಿಳಿದರು. ಒಂದು ಬೆಳಿಗ್ಗೆ ಒಬ್ಬರ ಅಂಕಿ ಬೋರ್ಡಿನಲ್ಲಿ ಮೂಡಿದಾಗ ಶಬ್ರೀನ್‌ಗೆ ತಟ್ಟನೆ ಹೊಳೆಯಿತು. ಅದು ಆ ವ್ಯಕ್ತಿಗಿಂತ ಮುಂಚೆ ಹಾಲು ಹಾಕಿದವರ ಅಂಕಿ. ಒಂದು ಚುಕ್ಕಿಯೂ ಬದಲಾಗದೆ ಅದೇ. ಊರಿನ ಹೆಚ್ಚಿನ ಹಸುಗಳ ಹಾಲು ಒಂದೇ ತರಹ ಇದ್ದುದರಿಂದ ಹಿಂದಿನವರ ಅಂಕಿ ಬಂದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸೀಮೆ ಹಸುವಿನ ಹಾಲು, ನಾಟಿ ಹಸುವಿನ ಹಾಲು ಒಂದರ ಬೆನ್ನಿಗೆ ಒಂದು ಬಂದಾಗ ಮಾತ್ರ ಎದ್ದು ಕಾಣುತ್ತಿತ್ತು.

ಮಂಡ್ಯಕ್ಕೆ ಬಂದವರೇ ಗಗನ ಎಂಬ ತಮ್ಮ ಕಿರಿಯ ಸಹೋದ್ಯೋಗಿಯನ್ನು ಜೊತೆಗೆ ಕೂರಿಸಿಕೊಂಡು ಪ್ರೋಗ್ರಾಂ ತೆರೆದರು. ತಪ್ಪು ಕರ್ನಲ್ ಒಳಗೆ, ಸೆನ್ಸರನ್ನು ಮಾತಾಡಿಸುವ ಭಾಗದಲ್ಲಿತ್ತು. ಅದು ಕಂಪನಿ ಬರೆದದ್ದಲ್ಲ. ಜಗತ್ತಿನಲ್ಲಿ ಯಾರ್ಯಾರೋ ಬಳಸುತ್ತಿದ್ದ ಸಾರ್ವಜನಿಕ ಭಾಗ. ನನಗೆ ಶಬ್ರೀನ್ ವಿವರಿಸಿದ್ದು ಹೀಗೆ. ಒಂದು ಕೋರ್ ಸೆನ್ಸರಿನಿಂದ ಬಂದ ಹೊಸ ಅಂಕಿಯನ್ನು ಯಂತ್ರದ ಮೆಮೊರಿಯಲ್ಲಿ ಬರೆಯುತ್ತದೆ. ಬರೆದ ಮೇಲೆ ‘ಹೊಸದು ಬಂದಿದೆ’ ಎಂದು ಒಂದು ಗುರುತು ಹಾಕುತ್ತದೆ. ಇನ್ನೊಂದು ಕೋರ್ ಆ ಗುರುತನ್ನೇ ಕಾಯುತ್ತಿದ್ದು, ಕಂಡ ತಕ್ಷಣ ಅಂಕಿಯನ್ನು ಓದಿ ಬೋರ್ಡಿಗೆ ಕಳಿಸುತ್ತದೆ. ಪ್ರೋಗ್ರಾಂ ಬರೆದವನು ಮೊದಲು ಅಂಕಿ, ಆಮೇಲೆ ಗುರುತು ಎಂಬ ಕ್ರಮದಲ್ಲೇ ಬರೆದಿದ್ದಾನೆ. ಆದರೆ ಈ ಚಿಪ್ಪಿನಲ್ಲಿ ಒಂದು ಕೋರ್ ಬರೆದದ್ದು ಇನ್ನೊಂದು ಕೋರ್‌ಗೆ ಅದೇ ಕ್ರಮದಲ್ಲಿ ಕಾಣಬೇಕೆಂಬ ಕಟ್ಟುಪಾಡಿಲ್ಲ. ವೇಗಕ್ಕಾಗಿ ಚಿಪ್ಪು ಹಿಂದುಮುಂದು ಮಾಡುತ್ತದೆ. ಓದುವ ಕೋರ್ ಕೂಡ ಅಂಕಿಯನ್ನು ಮುಂಚಿತವಾಗಿಯೇ ಓದಿಟ್ಟುಕೊಂಡಿರಬಹುದು. ಹಾಗಾಗಿ ಗುರುತು ಹೊಸದು ಕಾಣುತ್ತದೆ, ಅಂಕಿ ಮಾತ್ರ ಹಳೆಯದು. ಕಣ್ಣು ಮಿಟುಕಿಸುವುದರೊಳಗೆ ಎಷ್ಟೋ ಸಾವಿರ ಸಲ ಮುಗಿದುಹೋಗುವಷ್ಟು ಚಿಕ್ಕ ಸಂಧಿ ಅದು. ಅಷ್ಟರಲ್ಲಿ ಓದಿದವರಿಗೆ ಸಿಗುವುದು ಹಿಂದಿನವರ ಹಾಲು.

ಹಳೆಯ ಯಂತ್ರದಲ್ಲಿ ಬರೆಯುವುದೂ ಓದುವುದೂ ಒಂದೇ ಕೋರ್ ಆದ್ದರಿಂದ ಈ ತಪ್ಪು ಎಂದೂ ಹೊರಗೆ ಬಂದಿರಲಿಲ್ಲ. ಆಫೀಸಿನಲ್ಲಿ ಹೊಸ ಯಂತ್ರದಲ್ಲೂ ಬರಲಿಲ್ಲ, ಏಕೆಂದರೆ ಇಲ್ಲಿ ಬೋರ್ಡು, ಪ್ರಿಂಟರು, ಫೋನು ಎಲ್ಲವೂ ಒಟ್ಟಿಗೆ ಮೇಲೆ ಬೀಳುವ ದಟ್ಟಣೆ ಇರಲಿಲ್ಲ. ಗಗನ ಆ ದಟ್ಟಣೆಯನ್ನು ಅನುಕರಿಸುವ ಚಿಕ್ಕ ಪ್ರೋಗ್ರಾಂ ಬರೆದಳು. ಮಧ್ಯಾಹ್ನದ ಹೊತ್ತಿಗೆ ನಮ್ಮ ಮೇಜಿನ ಮೇಲೂ ಹಿಂದಿನ ಅಂಕಿ ಮೂಡಿತು. ತಪ್ಪು ಕಂಡು ಇಬ್ಬರೂ ಸಂತೋಷಪಟ್ಟದ್ದು ನನಗೆ ವಿಚಿತ್ರವೆನಿಸಿತ್ತು.

ಮೊದಲ ಪರಿಹಾರ ಕೈಕೊಟ್ಟಿತು. ಬೇಗ ಮುಗಿಸುವ ಅವಸರದಲ್ಲಿ ಅಂಕಿಗೆ ಒಂದು ಬೀಗ ಹಾಕಿದರು. ಓದುವವರು ಎಷ್ಟು ಮಂದಿಯಾದರೂ ಒಟ್ಟಿಗೆ ಒಳಗಿರಬಹುದು, ಬರೆಯುವವನು ಬಂದರೆ ಒಬ್ಬನೇ ಇರಬೇಕು ಎಂಬ ಬಗೆಯ ಬೀಗ. ಬೀಗ ತೆಗೆಯುವಾಗ ಹಾಕುವಾಗ ಚಿಪ್ಪು ಕ್ರಮವನ್ನು ಪಾಲಿಸಲೇಬೇಕು. ಹಾಗಾಗಿ ಅಂಕಿಗಳು ಸರಿಯಾದವು. ಮೇಜಿನ ಮೇಲೆ ಚೆನ್ನಾಗಿ ನಡೆಯಿತು. ಹಳ್ಳಿಯಲ್ಲಿ ಹಾಕಿದ ಮರುದಿನ ಬೆಳಿಗ್ಗೆಯೇ ಯಂತ್ರ ‘ದಯವಿಟ್ಟು ಕಾಯಿರಿ’ ಎಂದು ತೋರಿಸುತ್ತ ನಿಂತುಬಿಟ್ಟಿತು. ಆದದ್ದು ಇಷ್ಟೆ. ಬೋರ್ಡು ಓದಿ ಹೊರಗೆ ಬರುವಷ್ಟರಲ್ಲಿ ಪ್ರಿಂಟರು ಒಳಗೆ, ಪ್ರಿಂಟರು ಬರುವಷ್ಟರಲ್ಲಿ ಫೋನಿನದು ಒಳಗೆ, ಅದು ಬರುವಷ್ಟರಲ್ಲಿ ಬೋರ್ಡು ಮತ್ತೆ ಒಳಗೆ. ಓದುವವರು ಯಾರಾದರೂ ಒಬ್ಬರು ಇದ್ದೇ ಇರುತ್ತಿದ್ದರು. ಬರೆಯುವವನಿಗೆ ಸರದಿಯೇ ಬರಲಿಲ್ಲ. ಹೊಸ ಅಂಕಿ ಬರೆಯದೆ ಯಂತ್ರ ಮುಂದೆ ಹೋಗದು. ಹಾಲು ಹಿಡಿದು ನಿಂತವರು ಬಿಸಿಲೇರುವ ತನಕ ಕಾದರು. ವ್ಯಾನ್ ಹೊರಟುಹೋಯಿತು. ನಾಗರಾಜು ಫೋನಿನಲ್ಲಿ ಸಿಟ್ಟಿನಿಂದ ಆಡಿದ ಮಾತನ್ನು ಶಬ್ರೀನ್ ಸ್ಪೀಕರಿಗೆ ಹಾಕಿ ಗಗನಳಿಗೂ ಕೇಳಿಸಿದರು. ಆಮೇಲೆ, ಆ ಬೀಗಕ್ಕೆ ಒಪ್ಪಿಗೆ ಕೊಟ್ಟದ್ದು ತಾನು, ಅವಳಲ್ಲ ಎಂದು ಅವಳಿಗೆ ಹೇಳಿದರು.

ಸರಿಯಾದ ದಾರಿಗೆ ಕೆಲವು ವಾರ ಹಿಡಿಯಿತು. ಬರೆಯುವವನು ಯಾರನ್ನೂ ಕಾಯಬಾರದು. ಅವನು ಒಂದು ಎಣಿಕೆ ಇಟ್ಟುಕೊಳ್ಳುತ್ತಾನೆ. ಬರೆಯಲು ಶುರು ಮಾಡುವಾಗ ಅದನ್ನು ಒಂದು ಹೆಚ್ಚಿಸಿ ಬೆಸಸಂಖ್ಯೆ ಮಾಡುತ್ತಾನೆ, ಮುಗಿದಾಗ ಮತ್ತೊಂದು ಹೆಚ್ಚಿಸಿ ಸಮಸಂಖ್ಯೆ ಮಾಡುತ್ತಾನೆ. ಓದುವವನು ಮೊದಲು ಎಣಿಕೆ ನೋಡಿ, ಅಂಕಿ ಓದಿ, ಮತ್ತೆ ಎಣಿಕೆ ನೋಡುತ್ತಾನೆ. ಬೆಸವಿದ್ದರೆ ಅಥವಾ ನಡುವೆ ಬದಲಾಗಿದ್ದರೆ ಓದಿದ್ದನ್ನು ಬಿಟ್ಟು ಮತ್ತೆ ಓದುತ್ತಾನೆ. ಇಷ್ಟೇ ಸಾಲದು. ಈ ಹಂತಗಳ ನಡುವೆ ಚಿಪ್ಪು ಹಿಂದುಮುಂದು ಮಾಡದಂತೆ ಬ್ಯಾರಿಯರ್ ಎಂಬ ತಡೆಗಳನ್ನು ಇಡಬೇಕು. ಇಲ್ಲಿಯ ತನಕದ್ದು ಕಾಣಿಸಿದ ಮೇಲೆಯೇ ಮುಂದಿನದು ಎಂಬ ಆಜ್ಞೆ ಅದು.

ಶಬ್ರೀನ್ ಇದನ್ನೆಲ್ಲ ತಾವೇ ಬರೆದು, ಆ ಭಾಗವನ್ನು ನೋಡಿಕೊಳ್ಳುವ ಪರದೇಶದ ಒಬ್ಬರಿಗೆ ತಿದ್ದುಪಡಿಯಾಗಿ ಕಳಿಸಿದರು. ಎಲ್ಲರೂ ಓದಬಹುದಾದ ಪತ್ರವ್ಯವಹಾರ ಅದು. ಉತ್ತರ ಚುಟುಕಾಗಿ ಬಂತು. ಬರೆಯುವ ಕಡೆ ತಡೆ ಇಟ್ಟಿದ್ದೀರಿ, ಓದುವ ಕಡೆ ಎಲ್ಲಿ? ಒಂದು ಕಡೆಯ ತಡೆಗೆ ಇನ್ನೊಂದು ಕಡೆ ಜೋಡಿ ಇಲ್ಲದಿದ್ದರೆ ಇದ್ದದ್ದೂ ದಂಡ. ಅದಲ್ಲದೆ ಇಂಥದ್ದು ಕರ್ನಲ್‌ನಲ್ಲಿ ಸಿದ್ಧವಾಗಿಯೇ ಇದೆ, ಕೈಯಾರೆ ಯಾಕೆ ಬರೆದಿರಿ? ಶಬ್ರೀನ್ ಅದನ್ನು ಎರಡು ಸಲ ಓದಿದರು. ಅವರು ಹೇಳಿದ್ದು ಸರಿ ಎಂದು ನನಗೆ ಹೇಳಿ, ಇದ್ದದ್ದನ್ನು ಅಳಿಸಿ, ಸಿದ್ಧವಿದ್ದದ್ದನ್ನೇ ಬಳಸಿ ಮತ್ತೆ ಬರೆದರು. ಎರಡನೆಯ ಸಲ ಒಪ್ಪಿಗೆಯಾಯಿತು. ನಮ್ಮ ಯಂತ್ರವೂ ಸರಿಹೋಯಿತು. ದಟ್ಟಣೆಯ ಪರೀಕ್ಷೆಯನ್ನು ವಾರಗಟ್ಟಲೆ ಓಡಿಸಿದರೂ ಹಿಂದಿನ ಅಂಕಿ ಬರಲಿಲ್ಲ, ಯಂತ್ರ ನಿಲ್ಲಲೂ ಇಲ್ಲ.

ಮಹದೇವಯ್ಯನವರಿಗೆ ನಿರಾಳವಾಯಿತು. ಎಲ್ಲ ಡೈರಿಗಳಿಗೂ ಹೊಸ ಪ್ರೋಗ್ರಾಂ ಹಾಕಿಸಿ, ಬಾಯಿ ಬಿಡುವುದು ಬೇಡ ಎಂದರು. ಯಂತ್ರ ಸುಳ್ಳು ಹೇಳುತ್ತದೆ ಎಂದು ಒಮ್ಮೆ ಹಬ್ಬಿದರೆ ವ್ಯಾಪಾರ ಮುಗಿಯಿತು ಎಂಬುದು ಅವರ ಹೆದರಿಕೆ. ಕೆಟ್ಟ ಮನುಷ್ಯರಲ್ಲ. ನಲವತ್ತು ಜನಕ್ಕೆ ಅನ್ನ ಹಾಕುತ್ತಿದ್ದವರು.

ಶಬ್ರೀನ್ ಹೊರಗೆ ಹೋಗದೆ ಅಲ್ಲೇ ನಿಂತಿದ್ದರು.

“ಆ ಹೆಂಗಸನ್ನ ನೀರು ಬೆರೆಸೋಳು ಅಂದವ್ರೆ ಸಾರ್. ಮೆಷಿನ್ ಸರಿಯಾದ್ರೂ ಅವರ ಹೆಸರು ಸರಿಯಾಗಲ್ಲ. ನಾನು ಹೋಗಿ ಹೇಳ್ಬೇಕು.”

ಮಹದೇವಯ್ಯ ಕಾರಿನ ಕೀ ತೆಗೆದು ಮೇಜಿನ ಮೇಲಿಟ್ಟರು. ಹೋಗುವುದಾದರೆ ಬಸ್ಸಿನಲ್ಲಿ ಬೇಡ, ತಮ್ಮ ಕಾರು ತೆಗೆದುಕೊಂಡು ಹೋಗಿ ಅಂದರು. ನಾನೂ ಹೊರಟೆ.

ಸಂಜೆಗೆ ಮುಂಚೆ ಹಳ್ಳಿ ಸೇರಿದೆವು. ನಾಗರಾಜುವಿಗೆ ಮೊದಲು ಹೇಳಿದೆವು. ಅವನು ತಲೆ ತಗ್ಗಿಸಿ ಕೇಳಿ, ತಾನೂ ಬರುತ್ತೇನೆಂದು ಮಂಗಳಮ್ಮನ ಮನೆಗೆ ಕರೆದುಕೊಂಡು ಹೋದ. ಆಕೆ ಹಸುವಿಗೆ ಹುಲ್ಲು ಹಾಕುತ್ತಿದ್ದರು. ಆಗ ಅವರ ಹಾಲು ಮಳವಳ್ಳಿಯ ಒಂದು ಹೋಟೆಲಿಗೆ ಹೋಗುತ್ತಿತ್ತು. ನಮ್ಮನ್ನು ಜಗಲಿಯಲ್ಲಿ ಕೂರಿಸಿ ಮಾತು ಮುಗಿಯುವ ತನಕ ನಿಂತೇ ಕೇಳಿದರು. ನಾಗರಾಜು ತಪ್ಪಾಯಿತು ಎಂದ. ಶಬ್ರೀನ್ ತಪ್ಪು ಯಂತ್ರದ್ದು, ನಮ್ಮದು ಎಂದರು.

ಮಂಗಳಮ್ಮ ಕೈಯಲ್ಲಿದ್ದ ಹುಲ್ಲನ್ನು ಕೆಳಗಿಟ್ಟರು.

“ಊರ್ ಮುಂದೆ ಅಂದ್ಬುಟ್ಟು ಮನೆ ಒಳಕ್ ಬಂದು ತಪ್ಪಾಯ್ತು ಅಂದ್ರೆ ಎಂಗ್ ಕಣಮ್ಮ? ಎಲ್ ಅಂದ್ರೊ ಅಲ್ಲೇ ಏಳಿ. ನಾನೂ ಬತ್ತೀನಿ.”

ಶಬ್ರೀನ್ ಆಗಲಿ ಎಂದರು. ಆ ರಾತ್ರಿ ಜಾಕಿಯಾ ಅವರ ಮನೆಯಲ್ಲಿ ಉಳಿದೆವು. ಜನರೆದುರು ಮಾತಾಡುವುದು ಶಬ್ರೀನ್‌ಗೆ ಆಗದ ಕೆಲಸ. ಆಫೀಸಿನ ಸಭೆಯಲ್ಲೂ ಕೊನೆಯ ಕುರ್ಚಿ ಹಿಡಿಯುವವರು. ಊಟ ಸೇರಲಿಲ್ಲ. ಚಿಕ್ಕಮ್ಮ ಬಲವಂತ ಮಾಡಿದ್ದಕ್ಕೆ ಎರಡು ತುತ್ತು ತಿಂದು ಎದ್ದರು.

ಬೆಳಿಗ್ಗೆ ಡೈರಿಯ ಮುಂದೆ ಕ್ಯೂ ದಟ್ಟವಾಗಿತ್ತು. ಮಂಗಳಮ್ಮ ಬರಿಗೈಯಲ್ಲಿ ಬಂದು ಗೋಡೆಯ ಪಕ್ಕ ನಿಂತರು. ಕ್ಯಾನ್ ಹಿಡಿದಿದ್ದ ಚಿಕ್ಕಬೋರಮ್ಮ ಆ ಕಡೆ ನೋಡದೆ ಕ್ಯೂನಲ್ಲೇ ಇದ್ದರು. ನಾಗರಾಜು ಯಂತ್ರ ನಿಲ್ಲಿಸಿದ. ಶಬ್ರೀನ್ ಮುಂದೆ ಬಂದು ನೇರವಾಗಿ ಹೇಳಿದರು. ಯಂತ್ರ ಕೆಲವು ಸಲ ಹಿಂದಿನವರ ಹಾಲಿನ ಅಂಕಿಯನ್ನು ಮುಂದಿನವರ ಹೆಸರಿಗೆ ತೋರಿಸುತ್ತಿತ್ತು, ಮಂಗಳಮ್ಮ ಎಂದೂ ನೀರು ಬೆರೆಸಿಲ್ಲ, ಚಿಕ್ಕಬೋರಮ್ಮ ಎಂದೂ ಯಾರ ಹಾಲನ್ನೂ ಮುಟ್ಟಿಲ್ಲ, ತಪ್ಪೆಲ್ಲ ನಮ್ಮ ಕಂಪನಿಯದು ಎಂದರು. ನಾಗರಾಜು ತಾನು ಹಾಲು ವಾಪಸ್ಸು ಕಳಿಸಿದ್ದು ತಪ್ಪು ಎಂದು ಎಲ್ಲರೆದುರು ಹೇಳಿದ.

ಬೋರಯ್ಯ ಕ್ಯೂನಿಂದ ಒಂದು ಹೆಜ್ಜೆ ಮುಂದೆ ಬಂದರು.

“ಅಂಗಾರೆ ವೋದ್ ತಿಂಗ್ಳು ನನ್ ಆಲು ಬೋ ಗಟ್ಟಿ ಅಂತ ಬಂದಿತ್ತಲ್ಲಾ, ಅದೂ ನಂದಲ್ವಾ?”

ನಿಮ್ಮದಿರಲಾರದು ಎಂದು ಶಬ್ರೀನ್ ಮೆಲ್ಲಗೆ ಹೇಳಿದರು. ಕ್ಯೂ ಪೂರ್ತಿ ನಕ್ಕಿತು. ಬೋರಯ್ಯನೂ ನಕ್ಕು, ಮಂಗಳಮ್ಮನ ಕಡೆ ತಿರುಗಿ ಕೈ ಮುಗಿದರು. ಮಂಗಳಮ್ಮ ನಗಲಿಲ್ಲ. ಸೆರಗು ಸರಿಮಾಡಿಕೊಂಡು ಬಂದ ದಾರಿಯಲ್ಲೇ ಹೊರಟರು. ಇಷ್ಟು ಮಾಡಿದರೂ ಆಕೆಗೆ ಸಮಾಧಾನವಾಗಲಿಲ್ಲವೇನೋ ಎಂದು ನನಗನಿಸಿತು. ಅಷ್ಟರಲ್ಲಿ ಚಿಕ್ಕಬೋರಮ್ಮ ತನ್ನ ಕ್ಯಾನನ್ನು ಪಕ್ಕದವರ ಕೈಗೆ ಕೊಟ್ಟು ಬಿರಬಿರನೆ ಅವರ ಹಿಂದೆ ನಡೆದರು. ತಿರುವಿನ ಹುಣಸೆಮರದ ಹತ್ತಿರ ಇಬ್ಬರೂ ನಿಂತದ್ದು ಕಂಡಿತು. ಏನು ಮಾತಾಡಿದರೋ ಗೊತ್ತಿಲ್ಲ. ನಾವು ಕಾರು ಹತ್ತುವಾಗಲೂ ಅಲ್ಲೇ ನಿಂತಿದ್ದರು.

ಮಹದೇವಯ್ಯ ಹೆದರಿದ್ದರಲ್ಲಿ ಸ್ವಲ್ಪ ನಿಜವಾಯಿತು. ಒಂದೆರಡು ಸೊಸೈಟಿಗಳು ಯಂತ್ರ ವಾಪಸ್ಸು ಮಾಡಿದವು. ಕೆಲವು ಕಡೆ, ತಪ್ಪನ್ನು ತಾವಾಗಿಯೇ ಬಂದು ಹೇಳಿದವರು ಎಂದು ನಮ್ಮ ಯಂತ್ರವನ್ನೇ ಕೇಳಿ ಹಾಕಿಸಿಕೊಂಡರು. ಲೆಕ್ಕಕ್ಕೆ ಸಮವಾಯಿತೋ ಇಲ್ಲವೋ ನನಗೆ ತಿಳಿಯದು. ಮಂಗಳಮ್ಮ ಸುಗ್ಗಿ ಕಳೆದ ಮೇಲೆ ಡೈರಿಗೆ ಮತ್ತೆ ಹಾಲು ಹಾಕಲು ಶುರು ಮಾಡಿದರೆಂದು ನಾಗರಾಜು ಫೋನ್ ಮಾಡಿ ಹೇಳಿದ. ಹೋಟೆಲಿನವರನ್ನೂ ಪೂರ್ತಿ ಬಿಡಲಿಲ್ಲವಂತೆ. ಬೆಳಗಿನ ಹಾಲು ಇಲ್ಲಿಗೆ, ಸಂಜೆಯದು ಅಲ್ಲಿಗೆ.

ನಾನು ಆ ಕೆಲಸ ಬಿಟ್ಟು ಈಗ ಬೇರೆ ಕಡೆ ಇದ್ದೇನೆ. ಶಬ್ರೀನ್ ಅಲ್ಲೇ ಇದ್ದಾರೆ. ಆ ಸೆನ್ಸರ್ ಭಾಗಕ್ಕೆ ಬರುವ ತಿದ್ದುಪಡಿಗಳನ್ನು ಓದಿ ಒಪ್ಪುವ ಜವಾಬ್ದಾರಿಯೂ ಈಗ ಅವರದು. ಹಿಂದೆ ನೋಡಿಕೊಳ್ಳುತ್ತಿದ್ದವರೇ ಬಿಡುವಿಲ್ಲವೆಂದು ಅವರಿಗೆ ಒಪ್ಪಿಸಿದರು. ಹೋದ ತಿಂಗಳು ಮದ್ದೂರಿಗೆ ಹೋಗಿದ್ದಾಗ ಅವರ ಮನೆಗೆ ಹೋಗಿದ್ದೆ. ಭಾನುವಾರ ಮಧ್ಯಾಹ್ನ. ಜಕೀವುಲ್ಲಾ ಚಹಾ ಮಾಡಿ ತಂದುಕೊಟ್ಟರು. ಶಬ್ರೀನ್ ಯಾವುದೋ ದೇಶದ ವಿದ್ಯಾರ್ಥಿಯೊಬ್ಬ ಕಳಿಸಿದ ತಿದ್ದುಪಡಿ ಓದುತ್ತಿದ್ದರು. ಅವನು ಒಂದು ತಡೆಯನ್ನು ಅನಗತ್ಯವೆಂದು ತೆಗೆದುಹಾಕಿದ್ದ. ತನ್ನ ಕಂಪ್ಯೂಟರಿನಲ್ಲಿ ಅದಿಲ್ಲದೆಯೂ ಎಲ್ಲ ಸರಿಯಾಗಿ ನಡೆಯುತ್ತದೆ ಎಂದು ಬರೆದಿದ್ದ. ಖಾರವಾಗಿ ಉತ್ತರಿಸುತ್ತೀರಾ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿ, ಯಾವ ಚಿಪ್ಪಿನಲ್ಲಿ ಅದು ತಪ್ಪುತ್ತದೆ, ಹೇಗೆ ಪರೀಕ್ಷಿಸಿ ನೋಡಬಹುದು ಎಂದು ಅವನಿಗೆ ವಿವರವಾಗಿ ಬರೆಯತೊಡಗಿದರು. ಬರೆದು ಮುಗಿಸುವ ತನಕ ನಾನೂ ಜಕೀವುಲ್ಲಾ ಅವರೂ ಟೈರುಗಳ ಬಗ್ಗೆ ಮಾತಾಡುತ್ತ ಕೂತಿದ್ದೆವು.